ವಂಶವೃಕ್ಷದಲ್ಲಿ ಅತ್ತೆಯ ಹೆಸರೆಲ್ಲಿ?

ಕಳೆದ ತಿಂಗಳ ಒಂದು ಭಾನುವಾರ ಹೊಸಹಳ್ಳಿಯ ನಮ್ಮ ದೊಡ್ಡಪ್ಪನ ಮನೆಯ ತಾರಸಿ ತುಂಬ ನೆಂಟರು. ಹಾವೇರಿ ಜಿಲ್ಲೆಯ ನಮ್ಮ ಊರಿನಿಂದ ಒಬ್ಬೊಬ್ಬರಾಗಿ ಬೆಂಗಳೂರಿಗೆ ಬಂದು ವಿಜಯನಗರ, ಕಾಮಾಕ್ಷಿಪಾಳ್ಯ, ಬಸವೇಶ್ವರನಗರ, ಕೆಂಗೇರಿ ಅಂತ ಹಂಚಿಹೋದ ನಮ್ಮ ಮನೆತನದವರು ವರ್ಷಕ್ಕೊಮ್ಮೆ ಹೀಗೆ ಸೇರುತ್ತಾರೆ. ಈ ಬಳಗಕ್ಕೆ ರಿಜಿಸ್ಟ್ರೇಷನ್ ಇಲ್ಲ. ಒಂದು ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಒಂದು ಲೆಕ್ಕದ ಪುಸ್ತಕ ಇದೆ. ಮಧ್ಯಾಹ್ನಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ. ಜೊತೆಗೆ ಯಾರ ಮಗನಿಗೆ ನೌಕರಿ ಸಿಕ್ಕಿತು, ಯಾರ ಮಗಳಿಗೆ ಗಂಡು ನೋಡುತ್ತಿದ್ದಾರೆ ಎಂಬ ಸುದ್ದಿ. ಪಿ.ಜಿ.ಯಲ್ಲಿದ್ದುಕೊಂಡು ಪರೀಕ್ಷೆಗೆ ಓದುವ ನನ್ನಂಥವರು ಇಂಥ ಕಡೆ ಹೋಗಲು ಹಿಂಜರಿಯುತ್ತೇವೆ. ‘ರಿಸಲ್ಟ್ ಏನಾತು?’ ಎಂಬ ಪ್ರಶ್ನೆಗೆ ಉತ್ತರವಿರುವುದಿಲ್ಲ. ನಿಜ ಹೇಳಬೇಕೆಂದರೆ, ನಾನು ಹೋದದ್ದು ಹೋಳಿಗೆಗಾಗಿ.

ಊಟಕ್ಕೆ ಮೊದಲು ದೊಡ್ಡಪ್ಪ ಒಂದು ಫ್ಲೆಕ್ಸ್ ಬಿಚ್ಚಿ ಗೋಡೆಗೆ ಕಟ್ಟಿಸಿದರು. ನಮ್ಮ ಮನೆತನದ ವಂಶವೃಕ್ಷ! ಏಳು ತಲೆಮಾರು. ಎಲ್ಲರೂ ಮೊಬೈಲ್ ಹಿಡಿದು ಮುಗಿಬಿದ್ದರು. ನಾನೂ ಬೆರಳಿಟ್ಟು ಹುಡುಕಿದೆ. ಮುತ್ತಜ್ಜ ಸಿಕ್ಕ, ಅಜ್ಜ ಸಿಕ್ಕ, ಅಪ್ಪ ಸಿಕ್ಕ. ಅಪ್ಪನ ಕೆಳಗೆ ಒಂದೇ ಒಂದು ಎಲೆ, ನನ್ನ ತಮ್ಮ. ನಾನಿರಲಿಲ್ಲ. ನನ್ನ ಅಕ್ಕ ಇರಲಿಲ್ಲ. ಅಪ್ಪನ ಪಕ್ಕದಲ್ಲಿ ಇರಬೇಕಾಗಿದ್ದ ಸೋದರತ್ತೆಯೂ ಇರಲಿಲ್ಲ.

ನನ್ನ ಹೆಸರಿಲ್ಲದ್ದಕ್ಕೆ ಸಿಟ್ಟು ಬಂತು. ಅತ್ತೆಯ ಹೆಸರಿಲ್ಲದ್ದಕ್ಕೆ ನಾಚಿಕೆಯಾಯಿತು. ಕಾಮಾಕ್ಷಿಪಾಳ್ಯದ ಅತ್ತೆಯ ಎರಡು ಕೋಣೆಯ ಮನೆ ನಮ್ಮ ಮನೆತನಕ್ಕೆ ಬೆಂಗಳೂರಿನ ಬಾಗಿಲು. ಫ್ಲೆಕ್ಸ್ ಮೇಲಿದ್ದ ನಮ್ಮ ಅಣ್ಣಂದಿರಲ್ಲಿ ಹೆಚ್ಚಿನವರು ಮೊದಲ ಸಲ ಬ್ಯಾಗು ಹಿಡಿದು ಬಂದಿಳಿದದ್ದು ಅಲ್ಲಿಗೇ. ಮೊದಲ ಇಂಟರ್‌ವ್ಯೂಗೆ ಅಂಗಿ ಇಸ್ತ್ರಿಯಾದದ್ದೂ ಅಲ್ಲೇ. ಅವತ್ತಿನ ಹೋಳಿಗೆ ಮಾಡಿಕೊಂಡು ಬಂದವರೂ ಅವರೇ.

“ದೊಡ್ಡಪ್ಪ, ಅತ್ತಿ ಹೆಸರು ಎಲ್ಲೈತಿ?” ಎಂದೆ.

“ಹೆಣ್ಮಕ್ಕಳು ಕೊಟ್ಟ ಮನಿ ಗಿಡದಾಗ ಬರ್ತಾರವ್ವ” ಎಂದರು ದೊಡ್ಡಪ್ಪ, ಸಮಾಧಾನವಾಗಿಯೇ.

ರೊಟ್ಟಿ ಜೋಡಿಸುತ್ತಿದ್ದ ಅತ್ತೆ ತಲೆ ಎತ್ತದೆ ಹೇಳಿದರು: “ಅಲ್ಲೀ ಗಿಡಾನೂ ನೋಡೀನಣ್ಣ. ಅದರಾಗ ನನ್ನ ಹೆಸರಿಲ್ಲ. ‘ಪತ್ನಿ’ ಅಂತ ಬರದಾರ.”

ತಾರಸಿ ಮೇಲೆ ಯಾರೂ ಮಾತಾಡಲಿಲ್ಲ.

ಆ ಫ್ಲೆಕ್ಸ್‌ನಲ್ಲಿದ್ದ ಹಳೆಯ ಹೆಸರುಗಳು ಬಂದದ್ದು ಹೆಳವರಿಂದ. ಊರ ಕಡೆಯವರಿಗೆ ಹೆಳವರನ್ನು ಪರಿಚಯಿಸಬೇಕಿಲ್ಲ. ಎತ್ತಿನ ಮೇಲೆ ಊರೂರು ತಿರುಗುತ್ತ, ಮನೆ ಮುಂದೆ ನಿಂತು ಆ ಮನೆತನದ ಹಿರಿಯರ ಹೆಸರುಗಳನ್ನು ತಲೆಮಾರುಗಟ್ಟಲೆ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರು ಬರೆದುಕೊಂಡು, ಕಾಳುಕಡಿ, ಬಟ್ಟೆ, ಹಣ ಪಡೆದು ಹೋಗುವವರು. ಹಿಂದೆ ತಾಳೆಗರಿ, ತಾಮ್ರಪಟಗಳಲ್ಲಿದ್ದ ದಾಖಲೆ ಈಗ ದಪ್ಪ ಪುಸ್ತಕಗಳಲ್ಲಿದೆ. ಎತ್ತಿನ ಜಾಗಕ್ಕೆ ವಾಹನ ಬಂದಿದೆ. ಪರೀಕ್ಷೆಗೆ ಓದುವವರು ಈ ಸಮುದಾಯದ ಹೆಸರನ್ನು ಪ್ರವರ್ಗ-1ರ ಪಟ್ಟಿಯಲ್ಲಿ ನೋಡಿರುತ್ತೀರಿ. ಅವರಿಲ್ಲದಿದ್ದರೆ ನಮ್ಮಲ್ಲಿ ಅನೇಕರಿಗೆ ಮುತ್ತಜ್ಜನ ಅಪ್ಪನ ಹೆಸರೇ ಗೊತ್ತಿರುತ್ತಿರಲಿಲ್ಲ. ಹೆಣ್ಣುಮಕ್ಕಳ ಹೆಸರಿಲ್ಲ ಎಂದು ಅವರನ್ನು ದೂರಿ ಫಲವಿಲ್ಲ. ನಮ್ಮ ಮನೆಯವರು ಏನು ಹೇಳಿದರೋ ಅದನ್ನು ಅವರು ಬರೆದುಕೊಂಡರು. ಹೇಳುವಾಗ ಬಿಟ್ಟವರು ನಾವು.

‘ಅದು ಮೊದಲಿನಿಂದ ಬಂದ ಪದ್ಧತಿ’ ಎನ್ನುತ್ತಾರೆ. ಮೊದಲಿನಿಂದ ಎಂದರೆ ಎಲ್ಲಿಂದ? ನಮ್ಮದೇ ರಾಜ್ಯದ ಕರಾವಳಿಯಲ್ಲಿ ಅಳಿಯಸಂತಾನದ ಕುಟುಂಬಗಳು ವಂಶವನ್ನು ತಾಯಿಯ ಕಡೆಯಿಂದಲೇ ಲೆಕ್ಕ ಹಾಕುತ್ತ ಬಂದಿವೆ. ಅಲ್ಲಿ ಹೆಣ್ಣುಮಕ್ಕಳನ್ನು ಬಿಟ್ಟರೆ ವಂಶವೇ ನಿಂತುಹೋಗುತ್ತದೆ. ಕೆ-ಡ್ರಾಮಾ ನೋಡುವವರಿಗೆ ಇನ್ನೊಂದು ಉದಾಹರಣೆ: ಕೊರಿಯಾದಲ್ಲಿ ಇಂದಿಗೂ ಉಳಿದಿರುವ ವಂಶಾವಳಿ ಪುಸ್ತಕಗಳಲ್ಲಿ ಅತ್ಯಂತ ಹಳೆಯದು ಆಂದೊಂಗ್ ಕ್ವೊನ್ ಮನೆತನದ್ದು, 1476ರದು. ಅದರಲ್ಲಿ ಮಕ್ಕಳನ್ನು ಗಂಡು ಮೊದಲು, ಹೆಣ್ಣು ಆಮೇಲೆ ಎನ್ನದೆ ಹುಟ್ಟಿದ ಕ್ರಮದಲ್ಲೇ ದಾಖಲಿಸಿದ್ದಾರೆ. ಮಗಳ ಮಕ್ಕಳನ್ನೂ ಸೇರಿಸಿದ್ದಾರೆ. ಮಗಳ ಜಾಗದಲ್ಲಿ ಅಳಿಯನ ಹೆಸರು ಬರೆದದ್ದು ಮಾತ್ರ ಅದರ ಕೊರತೆ. ಗಂಡುಮಕ್ಕಳನ್ನು ಮುಂದೆ ತಂದು ಮಗಳ ಸಂತಾನವನ್ನು ಕೈಬಿಟ್ಟದ್ದು ಆಮೇಲಿನ ಶತಮಾನಗಳಲ್ಲಿ. ಅಂದರೆ ಪದ್ಧತಿ ಆಕಾಶದಿಂದ ಬಿದ್ದದ್ದಲ್ಲ, ನಡುವೆ ಯಾರೋ ಬದಲಿಸಿದ್ದು. ಮತ್ತೆ ಬದಲಿಸಲೂಬಹುದು. 2005ರ ಜುಲೈನಲ್ಲಿ ದಕ್ಷಿಣ ಕೊರಿಯಾದ ಸುಪ್ರೀಂ ಕೋರ್ಟ್, ವಯಸ್ಕ ಹೆಣ್ಣುಮಕ್ಕಳೂ ಮನೆತನದ ಸಂಘದ ಸದಸ್ಯರೇ ಎಂದು ತೀರ್ಪು ಕೊಟ್ಟಿತು.

ಅದಾಗಿ ಎರಡು ತಿಂಗಳೊಳಗೆ, 2005ರ ಸೆಪ್ಟೆಂಬರ್ 9ರಂದು ನಮ್ಮ ದೇಶದಲ್ಲಿ ಹಿಂದೂ ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂತು. ಕರ್ನಾಟಕ ಅದಕ್ಕೂ ಮೊದಲೇ, 1994ರ ಜುಲೈ 30ರಿಂದ, ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಪಾಲು ಕೊಟ್ಟಿತ್ತು. ಆದರೆ ಅಷ್ಟರೊಳಗೆ ಮದುವೆಯಾದವರಿಗೆ ಅದು ಸಿಗುತ್ತಿರಲಿಲ್ಲ. 2005ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುತ್ತದೆ, 2005ರ ಆ ದಿನ ತಂದೆ ಬದುಕಿರಲೇಬೇಕೆಂದಿಲ್ಲ ಎಂದು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಾಯಿತ ಪತ್ರದ ಮೂಲಕ ಪಾಲಾಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ.

ಇದನ್ನೆಲ್ಲ ನಾನು ಓದಿದ್ದು ಗ್ರಾಮ ಆಡಳಿತಾಧಿಕಾರಿ ಹುದ್ದೆಯ ತಯಾರಿಗೆಂದು. ಮನೆಯ ಯಜಮಾನ ತೀರಿಕೊಂಡರೆ ಜಮೀನಿನ ಪೌತಿ ಖಾತೆಗೆ ವಂಶವೃಕ್ಷ ಬೇಕು. ನಾಡಕಚೇರಿಗೆ ಅರ್ಜಿ ಹೋಗುತ್ತದೆ. ‘ಇವರೇ ವಾರಸುದಾರರು’ ಎಂದು ಮನೆಯವರು ಹೇಳಿದ್ದನ್ನು ಗ್ರಾಮ ಆಡಳಿತಾಧಿಕಾರಿ ಊರಲ್ಲಿ ವಿಚಾರಿಸಿ ವರದಿ ಕೊಡಬೇಕು. ಅಲ್ಲಿ ಮಗಳ ಹೆಸರು ಬಿಟ್ಟುಹೋದರೆ ಮುಂದೆ ಉತಾರದಲ್ಲಿ ಬರುವುದಿಲ್ಲ. ಆಮೇಲೆ ಅದನ್ನು ಸರಿಪಡಿಸಲು ತಹಶೀಲ್ದಾರ್ ಕಚೇರಿ, ಕೋರ್ಟು ಅಂತ ವರ್ಷಗಟ್ಟಲೆ ಅಲೆಯಬೇಕು. ಗೋಡೆಯ ಮೇಲಿನ ಫ್ಲೆಕ್ಸ್‌ಗೂ ಕಚೇರಿಯ ಕಾಗದಕ್ಕೂ ಕಾನೂನಿನ ಸಂಬಂಧವಿಲ್ಲ. ಆದರೆ ಎರಡರಲ್ಲೂ ಮರೆಯುವವರು ಒಂದೇ ಮನೆಯವರು. ನಾಳೆ ನನಗೆ ಆ ಹುದ್ದೆ ಸಿಕ್ಕಿ, ಇಂಥದ್ದೇ ಗಿಡವೊಂದು ನನ್ನ ಟೇಬಲ್‌ಗೆ ಬಂದರೆ? ನಮ್ಮ ಮನೆಯಲ್ಲೇ ಕೇಳದವಳು ಬೇರೆಯವರ ಮನೆಯಲ್ಲಿ ಏನು ಕೇಳಿಯೇನು?

ಇಷ್ಟು ಹೇಳಿದಾಗ ಒಬ್ಬ ಕಾಕಾ ಮನಸ್ಸಿನಲ್ಲಿದ್ದದ್ದನ್ನು ಹೊರಗೆ ಹಾಕಿದರು: “ಹೆಸರು ಬರದ್ರ ನಾಳೆ ಪಾಲು ಕೇಳ್ತಾರ.”

ಅಸಲಿ ಭಯ ಇದು. ಪದ್ಧತಿ ಎಂಬುದು ಅದರ ಮೇಲಿನ ಹೊದಿಕೆ. ಅತ್ತೆ ‘ನನಗೇನೂ ಬ್ಯಾಡ’ ಎಂದು ಹೇಳುತ್ತಾರೆಂದು ಎಲ್ಲರೂ ಕಾದರು. ಇಂಥ ಸಂದರ್ಭದಲ್ಲಿ ನಮ್ಮ ಹೆಂಗಸರು ಹೇಳುವುದು ಅದನ್ನೇ. ಅತ್ತೆ ಹೇಳಿದ್ದು ಬೇರೆ: “ಕೇಳೂದು, ಬಿಡೂದು ನನಗ ಬಿಟ್ಟದ್ದು. ಮೊದಲ ಹೆಸರು ಬರೀರಿ.”

ದೊಡ್ಡಪ್ಪ ಸ್ವಲ್ಪ ಹೊತ್ತು ಫ್ಲೆಕ್ಸನ್ನೇ ನೋಡಿದರು. ಆಮೇಲೆ ಬಳಗದ ಲೆಕ್ಕದ ಪುಸ್ತಕವನ್ನು ನನ್ನ ಕೈಗಿಟ್ಟು, “ಬರಕೋ ತಂಗಿ, ಯಾರ್‌ಯಾರು ಬಿಟ್ಟಾರ” ಎಂದರು. ಕಾಕಾನ ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಅವರು ಊಟ ಮುಗಿಸಿ ಬೇಗನೆ ಹೊರಟರು. ಎಲ್ಲವೂ ಒಂದೇ ದಿನಕ್ಕೆ ಸರಿಹೋಯಿತು ಎಂದು ಹೇಳಲಾರೆ.

ಆದರೆ ಸಂಜೆಯವರೆಗೆ ನಾನು, ನನ್ನ ಅಕ್ಕ ಮತ್ತು ಪಿಯುಸಿ ಓದುವ ಇಬ್ಬರು ತಂಗಿಯರು ಕೂತು ಬರೆದೆವು. ಊರಲ್ಲಿರುವ ಅಜ್ಜಿಗೆ ವಿಡಿಯೊ ಕಾಲ್ ಮಾಡಿದೆವು. ಯಾರ ಮಗಳು, ಯಾವ ಊರಿಗೆ ಕೊಟ್ಟದ್ದು, ಮಕ್ಕಳೆಷ್ಟು, ಸಣ್ಣ ವಯಸ್ಸಿಗೇ ತೀರಿಕೊಂಡವರು ಯಾರು – ಅಜ್ಜಿ ಒಂದೊಂದಾಗಿ ಹೇಳುತ್ತ ಹೋದರು. ಇಪ್ಪತ್ಮೂರು ಹೆಣ್ಣುಮಕ್ಕಳ ಹೆಸರು ಸಿಕ್ಕವು. ಇಷ್ಟು ವರ್ಷ ಅವನ್ನು ಅಜ್ಜಿಯ ಹತ್ತಿರ ಯಾರೂ ಕೇಳಿರಲೇ ಇಲ್ಲ.

ನೀವೂ ಕೇಳಿ. ಅದಕ್ಕೆ ಸಂಘ ಬೇಡ, ಫ್ಲೆಕ್ಸ್ ಬೇಡ. ಒಂದು ನೋಟ್‌ಬುಕ್ ಸಾಕು. ಹಿರಿಯರು ಇರುವಾಗಲೇ ಕೇಳಬೇಕು. ಯಾಕೆಂದರೆ ನನ್ನ ಮುತ್ತಜ್ಜಿಯ ಹೆಸರು ಯಾರಿಗೂ ನೆನಪಾಗಲಿಲ್ಲ. ಊರಲ್ಲಿ ಎಲ್ಲರೂ ಆಕೆಯನ್ನು ‘ದೊಡ್ಡಮನಿ ಆಯಿ’ ಎಂದೇ ಕರೆಯುತ್ತಿದ್ದರಂತೆ. ಹೊಸ ಗಿಡದಲ್ಲಿ ಮುತ್ತಜ್ಜನ ಪಕ್ಕ ಒಂದು ಚೌಕ ಬರೆದು ಖಾಲಿ ಬಿಟ್ಟಿದ್ದೇನೆ. ಮುಂದಿನ ಸಲ ಹೆಳವರು ಬಂದಾಗ ಮೊದಲು ಅದನ್ನೇ ಕೇಳಬೇಕು.