ಖೂನಿ ಕೇಸಿಗೆ ಬೇಲು: ತಟ್ಟಬೇಕಾದ ಬಾಗಿಲು ಯಾವುದು?

ಕೋರ್ಟಿನ ಗೇಟಿನೆದುರು ಟೀ ಅಂಗಡಿ ಬೆಂಚಿನ ಮೇಲೆ ಆ ಹೆಂಗಸು ಕೂತಿದ್ದಳು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಒಳಗೆ ಎಫ್.ಐ.ಆರ್. ಪ್ರತಿ, ಆಧಾರ್ ಕಾರ್ಡು, ಜಾಮೀನಿಗೆಂದು ತಂದ ಹೊಲದ ಪಹಣಿ. ಬದುವಿನ ಜಗಳದಲ್ಲಿ ಒಬ್ಬರ ಪ್ರಾಣ ಹೋಗಿದೆ. ಆಕೆಯ ತಮ್ಮನೂ ಆರೋಪಿ.

"ಬೇಲು ಆಗ್ಲಿಲ್ಲಣ್ಣ. ಈ ಕೋರ್ಟಿಗೆ ಬರಂಗಿಲ್ಲ ಅಂದ್ರಂತೆ. ಒಳಗೆ ಹಾಕಾಕೆ ಬರ್ತತಿ, ಬಿಡಾಕೆ ಬರಲ್ವಾ?"

ಪಿ.ಯು.ಸಿ.ಯನ್ನೇ ಅರ್ಧಕ್ಕೆ ಬಿಟ್ಟ ನಾನೇನು ಲಾ ಓದಿದವನಲ್ಲ. ಆದರೂ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು. ಕೋರ್ಟು ವರದಿ ಮಾಡಿ ಮಾಡಿ ಅಷ್ಟಿಷ್ಟು ತಿಳಿದದ್ದನ್ನೇ ಹೇಳಿದೆ.

ಪೊಲೀಸರು ಯಾರನ್ನೇ ಹಿಡಿಯಲಿ, ದಾರಿಯ ಪ್ರಯಾಣ ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಜೇಬುಗಳ್ಳನಿಗೂ ಖೂನಿ ಆರೋಪಿಗೂ ಸಾಮಾನ್ಯವಾಗಿ ಮೊದಲು ಕಾಣುವುದು ಅದೇ ಕಟಕಟೆ. ರಿಮ್ಯಾಂಡ್ ಮಾಡಿದವರೇ ಬಿಡುತ್ತಾರೆಂದು ಜನ ನಂಬಿದರೆ ತಪ್ಪೇನು ಸ್ವಾಮಿ? ಆದರೆ ಕಾಯಿದೆಯ ಲೆಕ್ಕ ಬೇರೆ. ಮರಣದಂಡನೆ ಇಲ್ಲವೇ ಜೀವಾವಧಿ ಶಿಕ್ಷೆಯಾಗುವಂಥ ಅಪರಾಧ ಮಾಡಿದ್ದಾನೆಂದು ನಂಬಲು ಆಧಾರ ಕಂಡರೆ ಮ್ಯಾಜಿಸ್ಟ್ರೇಟರು ಬಿಡುವಂತಿಲ್ಲ. ಹೆಂಗಸರು, ಮಕ್ಕಳು, ಕಾಯಿಲೆಯವರು, ನಿಶ್ಶಕ್ತರು ಇವರಿಗಷ್ಟೇ ವಿನಾಯಿತಿ ಕೊಡಬಹುದು. ಹಳೆಯ ಸಿ.ಆರ್.ಪಿ.ಸಿ.ಯಲ್ಲಿ ಇದು 437ನೇ ಕಲಂ. 2024ರ ಜುಲೈ 1ರಿಂದ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 480. ನಂಬರು ಬದಲಾಯಿತು, ಪದ್ಧತಿ ಬದಲಾಗಲಿಲ್ಲ. ಇಂಥ ಕೇಸಿನವರನ್ನು ಸೆಷನ್ಸ್ ಕೋರ್ಟಿನ ಕಡೆಗೇ ಕಳಿಸುವುದು ಸರಿ ಎಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿದೆ.

ಹಾಗಾಗಿ ಖೂನಿ ಕೇಸಿನ ಅರ್ಜಿ ಹೋಗಬೇಕಾದ್ದು ಜಿಲ್ಲಾ ಸೆಷನ್ಸ್ ಕೋರ್ಟಿಗೆ, 483ನೇ ಕಲಮಿನಡಿ. ಅಲ್ಲಿ ಸರ್ಕಾರಿ ವಕೀಲರಿಗೆ ನೋಟೀಸು ಹೋಗುತ್ತದೆ, ತಕರಾರು ಬರುತ್ತದೆ. ಬರಲೇಬೇಕು, ಸತ್ತವನ ಮನೆಯವರೂ ಇದೇ ಊರಲ್ಲಿ ಬದುಕಬೇಕಲ್ಲ! ಅಲ್ಲೂ ವಜಾ ಆದರೆ ಹೈಕೋರ್ಟು. ನೇರ ಹೈಕೋರ್ಟಿಗೇ ಹೋಗಲು ಕಾಯಿದೆಯಲ್ಲಿ ಅವಕಾಶವಿದೆ, ಆದರೆ ಮೊದಲು ಸೆಷನ್ಸ್ ಎನ್ನುವುದು ರೂಢಿ. ಪೋಕ್ಸೋ, ದಲಿತ ದೌರ್ಜನ್ಯದ ಕೇಸುಗಳಿಗೆ ವಿಶೇಷ ಕೋರ್ಟುಗಳೇ ಬೇರೆ.

ಹೈಕೋರ್ಟಿನ ಮಾತು ಬಂದಾಗ ಇನ್ನೊಂದು ವಿಚಿತ್ರ. ತುಂಗಭದ್ರೆಯ ಆಚೆ ದಡದ ರಾಣೆಬೆನ್ನೂರು ತಾಲ್ಲೂಕಿನವರು ಧಾರವಾಡ ಪೀಠಕ್ಕೆ ಹೋದರೆ, ಈಚೆ ದಡದ ಹರಿಹರದವರು, ಅಂದರೆ ನಮ್ಮ ದಾವಣಗೆರೆ ಜಿಲ್ಲೆಯವರು, ಬೆಂಗಳೂರು ಬಸ್ಸೇ ಹತ್ತಬೇಕು. ಹೊಳೆ ದಾಟಿದರೆ ಪೀಠವೇ ಬೇರೆ!

ಇಷ್ಟು ಕೇಳಿದ ಮೇಲೆ ಆಕೆ, "ಹಂಗಾದ್ರೆ ಕೆಳಗಿನ ಕೋರ್ಟಿನ ಕಡೆ ತಿರುಗಿ ನೋಡಂಗೇ ಇಲ್ಲೇನು?" ಎಂದಳು. ನೋಡಬೇಕು ತಾಯಿ, ಒಂದು ಸಲ ನೋಡಲೇಬೇಕು. ಖೂನಿಯಂಥ ಕೇಸಿನಲ್ಲಿ ಪೊಲೀಸರು 90 ದಿನದೊಳಗೆ ಚಾರ್ಜ್‌ಶೀಟ್ ಹಾಕದಿದ್ದರೆ ಅದೇ ಮ್ಯಾಜಿಸ್ಟ್ರೇಟರೇ ಬೇಲು ಕೊಡಬೇಕು. ಅದು ಆರೋಪಿಯ ಹಕ್ಕು. ಲೆಕ್ಕ ಹಿಡಿಯಬೇಕಾದ್ದು ಹಿಡಿದ ದಿನದಿಂದಲ್ಲ, ಮೊದಲ ರಿಮ್ಯಾಂಡಿನ ದಿನದಿಂದ. ಆ ದಿನವೂ ಸೇರಿ ಎಂದು 2023ರಲ್ಲಿ ಸುಪ್ರೀಂ ಕೋರ್ಟು ಖಚಿತ ಮಾಡಿದೆ. ಆದರೆ ಅರ್ಜಿ ಕೊಡದೆ ಸುಮ್ಮನೆ ಕೂತರೆ, ಅಷ್ಟರೊಳಗೆ ಚಾರ್ಜ್‌ಶೀಟ್ ಬಂದುಬಿಟ್ಟರೆ, ಆ ಹಕ್ಕು ಹೋದಂತೆಯೇ. 91ನೇ ದಿನ ಬೆಳಿಗ್ಗೆ ಕೋರ್ಟು ತೆರೆಯುವಾಗ ಅರ್ಜಿ, ಜಾಮೀನುದಾರ ಎರಡೂ ತಯಾರಿರಬೇಕು.

ಆಕೆಗೆ ಹಾದಿ ತಪ್ಪಿಸಿದವರು ಯಾರು? ಗೇಟಿನ ಬಳಿ ಸಿಕ್ಕ ಒಬ್ಬರು "ಇಲ್ಲೇ ಹಾಕೋಣ" ಎಂದು ಎರಡು ಸಾವಿರ ಇಸಕೊಂಡರಂತೆ. ಜೈಲಿನಲ್ಲಿರುವವನಿಗೆ ವಕೀಲರನ್ನು ಸರ್ಕಾರವೇ ಬಿಟ್ಟಿಯಾಗಿ ಕೊಡುತ್ತದೆ. ಆದಾಯ ಎಷ್ಟಿದ್ದರೂ ಸರಿ. ಅದಕ್ಕೆಂದೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಇದನ್ನು ಗೇಟಿನಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ಎರಡು ಸಾವಿರ ಹುಟ್ಟುವುದೆಲ್ಲಿಂದ?

ಟೀ ಅಂಗಡಿಯವನ ಕ್ಯಾಲೆಂಡರಿನಲ್ಲಿ ಇಬ್ಬರೂ ಸೇರಿ ಎಣಿಸಿದೆವು. ರಿಮ್ಯಾಂಡ್ ಆಗಿ 23 ದಿನ. ಸೆಷನ್ಸ್ ಕೋರ್ಟಿಗೆ ಇನ್ನೂ ಒಂದು ಹಾಳೆಯೂ ಹೋಗಿಲ್ಲ. ಪ್ರಾಧಿಕಾರದ ಆಫೀಸು ಯಾವ ಕಡೆ ಎಂದು ಕೇಳಿಕೊಂಡು, ಟೀ ಅರ್ಧಕ್ಕೇ ಬಿಟ್ಟು, ಆಕೆ ಕವರು ಮಡಚಿಕೊಂಡು ಎದ್ದಳು.