ಒಂದು 'ಓನ್ಲಿ', ಎರಡು ಅರ್ಥ

ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಇಂಟರ್ನ್‌ಶಿಪ್ ಇಂಟರ್‌ವ್ಯೂಗೆ ಹೋಗಿದ್ವಿ. ವಿದೇಶದಿಂದ ವಿಡಿಯೋ ಕಾಲ್‌ನಲ್ಲಿದ್ದವರು ಪ್ರಾಜೆಕ್ಟ್ ಬಗ್ಗೆ ಕೇಳಿದಾಗ ಹೆಮ್ಮೆಯಿಂದ 'ವೀ ಓನ್ಲಿ ಡಿಡ್ ದ ಕೋಡಿಂಗ್' ಅಂದ್ವಿ. ಮನಸ್ಸಲ್ಲಿದ್ದದ್ದು 'ಕೋಡಿಂಗ್ ನಾವೇ ಮಾಡಿದ್ವಿ'. ಅವರಿಗೆ ಕೇಳಿಸಿದ್ದು 'ನಾವು ಬರೀ ಕೋಡಿಂಗ್ ಮಾಡಿದ್ವಿ'. 'ಹಾಗಾದ್ರೆ ಡಿಸೈನ್ ಯಾರದು?' ಅಂತ ಕೇಳಿದ್ರು!

ಇಂಗ್ಲಿಷಿನ 'ಓನ್ಲಿ' ಅಂದ್ರೆ ಮುಖ್ಯವಾಗಿ 'ಮಾತ್ರ', 'ಬರೀ'. ಅದು ಉಳಿದದ್ದನ್ನು ಹೊರಗಿಡುತ್ತೆ. ನಮ್ಮ 'ಏ' ಒತ್ತಿ ಹೇಳೋಕೂ ಬರುತ್ತೆ. ವ್ಯಾಕರಣದಲ್ಲಿ ಇದಕ್ಕೆ ಅವಧಾರಣೆ ಅಂತಾರೆ. 'ವೈಟ್‌ಫೀಲ್ಡಲ್ಲೇ ಇರೋದು' ಅನ್ನೋದನ್ನ ನಾವು 'ಐ ಸ್ಟೇ ಇನ್ ವೈಟ್‌ಫೀಲ್ಡ್ ಓನ್ಲಿ' ಅಂತೀವಿ. ಹಿಂದಿಯ 'ಹೀ' ಕೂಡ ಹೀಗೇ. ಅದಕ್ಕೇ ಪೀಣ್ಯದಲ್ಲಿ ಯಾರಿಗೂ ಗೊಂದಲ ಆಗಲ್ಲ, ಲಂಡನ್ನಿನವರಿಗೆ ಆಗುತ್ತೆ.

ಕಾಲ ಹೇಳುವಾಗ ಎರಡೂ ಹತ್ತಿರ ಬರುತ್ತವೆ: 'ಓನ್ಲಿ ಯೆಸ್ಟರ್‌ಡೇ' ಅಂದ್ರೆ 'ನಿನ್ನೆಯಷ್ಟೇ'.

ಮೇಲ್ ಬರೆಯುವಾಗ 'ಓನ್ಲಿ' ಜಾಗದಲ್ಲಿ 'ಮಾತ್ರ' ಇಟ್ಟು ನೋಡಿ. ಅರ್ಥ ಸರಿ ಇದ್ರೆ ಇರಲಿ, ಆದರೆ ಸಂಬಂಧಪಟ್ಟ ಪದದ ಪಕ್ಕದಲ್ಲೇ ಇರಲಿ: 'ವೀ ಡಿಡ್ ಓನ್ಲಿ ದ ಕೋಡಿಂಗ್'. 'ನಾವೇ' ಅನ್ನಬೇಕಾದ್ರೆ 'ಅವರ್‌ಸೆಲ್ವ್ಸ್' ಇದೆ. ಕ್ಯಾಂಟೀನಲ್ಲಿ ಮಾತ್ರ ಹೇಗೆ ಬೇಕಾದ್ರೂ ಹೇಳಿ, ಅಲ್ಲಿರೋರೆಲ್ಲ ನಮ್ಮವರೇ!