ಅಂಗೈಯಗಲದ ಹಿಡಿತ

ಅಕ್ಟೋಬರ್ ತಿಂಗಳ ಎರಡನೆಯ ವಾರ. ಕೆನಡಾದ ಕ್ಯಾಲ್ಗರಿಯಲ್ಲಿ ಹಿತವಾದ ಬಿಸಿಲು. ರಸ್ತೆಯ ಮೇಲೆ ಹಿಮದ ಸುಳಿವೇ ಇಲ್ಲ. ಆದರೂ ಟೈರಿನ ಅಂಗಡಿಯ ಮುಂದೆ ಪಿಕಪ್‌ಗಳ ಸಾಲು. ನಮ್ಮೂರಿನಲ್ಲಿ ಆಯುಧಪೂಜೆಯ ಹಿಂದಿನ ದಿನ ವಾಟರ್ ಸರ್ವಿಸ್ ಮುಂದೆ ಗಾಡಿಗಳು ನಿಂತಿರುತ್ತವಲ್ಲ, ಥೇಟ್ ಹಾಗೆ.

‘ಚಿಕ್ಕಪ್ಪ, ಮೊದಲ ಹಿಮ ಬಿದ್ದ ಮೇಲೆ ಬಂದರೆ ಮೂರು ವಾರ ಕಾಯಬೇಕಾಗ್ತದೆ’ ಎಂದ ಅಣ್ಣನ ಮಗ. ಅವನು ಅಲ್ಲಿ ಹೊಸ ಮನೆಗಳಿಗೆ ವೈರಿಂಗ್ ಮಾಡುವವನು. ಪಿಕಪ್ ಅಂದರೆ ನಮ್ಮ ಕಣ್ಣಿಗೆ ಬರುವುದು ಅಡಿಕೆ ಮೂಟೆ ಹೊರುವ ಬೊಲೆರೊ. ಅವನದು ಹೆಚ್ಚುಕಡಿಮೆ ಅದರ ಒಂದೂವರೆ ಪಟ್ಟು. ಖಾಲಿ ಇದ್ದಾಗಲೇ ಎರಡು ಟನ್ ಮೀರುವ ಗಾಡಿ. ಅಷ್ಟು ದೊಡ್ಡದು ನೆಲವನ್ನು ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಬಿಚ್ಚಿದ ಅಂಗೈಯಷ್ಟು, ಹೆಚ್ಚೆಂದರೆ ಒಂದೂವರೆ ಅಂಗೈಯಷ್ಟು ಜಾಗ. ಚಳಿಗಾಲದ ಟೈರು ಆರಿಸುವ ವಿದ್ಯೆಯೆಲ್ಲ ಆ ನಾಲ್ಕು ಅಂಗೈಗಳ ಸುತ್ತಲೇ.

ಕೌಂಟರಿನಲ್ಲಿದ್ದವರು ಅರವತ್ತು ದಾಟಿದ ಹಿರಿಯರು. ‘ಯಾವ ಟೈರು ಬೇಕು’ ಎಂದು ಅವರು ಕೇಳಲೇ ಇಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಡುತ್ತೀಯ, ಹಿಂದೆ ಎಷ್ಟು ತೂಕ ಹೇರುತ್ತೀಯ, ಟ್ರೈಲರ್ ಎಳೆಯುತ್ತೀಯಾ, ವಾರಾಂತ್ಯಕ್ಕೆ ಬೆಟ್ಟದ ಕಡೆ ಹೋಗುವುದುಂಟಾ ಎಂದು ಒಂದೊಂದಾಗಿ ವಿಚಾರಿಸಿದರು. ನಾಡಿ ಹಿಡಿಯುವ ಮೊದಲು ಊಟ ನಿದ್ದೆ ಕೇಳುವ ಪಂಡಿತರ ನೆನಪಾಯಿತು. ಬೆಳಿಗ್ಗೆ ಐದಕ್ಕೆ ಹೊರಡುವವನು ಹಿಮ ಬಾಚುವ ಗಾಡಿಗಿಂತ ಮೊದಲೇ ರಸ್ತೆಗಿಳಿಯುತ್ತಾನೆ. ಒಂಬತ್ತಕ್ಕೆ ಹೊರಡುವವನಿಗೆ ಬಾಚಿದ ರಸ್ತೆ ಸಿಗುತ್ತದೆ. ಇಬ್ಬರಿಗೂ ಬೇಕಾದ ಟೈರು ಒಂದೇ ಅಲ್ಲ.

ಆಮೇಲೆ ಅವರು ಒಳಗಿನ ಫ್ರೀಜರಿನಿಂದ ಎರಡು ರಬ್ಬರ್ ತುಂಡು ತಂದು ನನ್ನ ಮುಂದಿಟ್ಟರು. ಎರಡೂ ಟೈರಿನಿಂದ ಕೊಯ್ದವು, ಎರಡೂ ಕಪ್ಪು. ಹೆಬ್ಬೆರಳಿನಿಂದ ಒತ್ತಿ ನೋಡಲು ಹೇಳಿದರು. ಮೊದಲನೆಯದು ಮರದ ಹಲಗೆಯ ಹಾಗೆ ಸೆಟೆದಿತ್ತು. ಎರಡನೆಯದು ಅಷ್ಟೇ ತಣ್ಣಗಿದ್ದರೂ ಉಗುರಿಗೆ ಬಗ್ಗಿತು, ಬಿಟ್ಟಾಗ ಎದ್ದು ನಿಂತಿತು. ಮೊದಲನೆಯದು ಸರ್ವಋತು ಎಂದು ಮಾರುವ ‘ಆಲ್ ಸೀಸನ್’ ಟೈರು, ಎರಡನೆಯದು ಚಳಿಗಾಲದ್ದು.

ನಮ್ಮದು ಸುಳ್ಯದ ಕಡೆ. ನಸುಕಿನಲ್ಲಿ ರಬ್ಬರ್ ಮರದ ತೊಗಟೆ ಕೆತ್ತಿ, ಗೆರಟೆಗೆ ತೊಟ್ಟಿಕ್ಕುವ ಹಾಲನ್ನು ನೋಡಿಯೇ ಬೆಳೆದವನು ನಾನು. ಆ ಹಾಲು ಹಿಮದ ಸಹವಾಸಕ್ಕೆ ಬರುತ್ತದೆಂದು ಎಣಿಸಿರಲಿಲ್ಲ. ಬಿಸಿಲುನಾಡಿನ ಮರದ ರಬ್ಬರು ಗಾಜಿನಂತೆ ಪೆಡಸಾಗುವುದು ಸುಮಾರು ಮೈನಸ್ 70 ಡಿಗ್ರಿಯಲ್ಲಿ. ಸಾಮಾನ್ಯ ಕಾರಿನ ಟೈರಿಗೆ ಹೇರಳವಾಗಿ ಬಳಸುವ ಕೃತಕ ರಬ್ಬರು ಅದಕ್ಕಿಂತ ಬಹಳ ಮೊದಲೇ ಬಿಗಿಯುತ್ತ ಬರುತ್ತದೆ. ಅದಕ್ಕೇ ಚಳಿಗಾಲದ ಟೈರಿನಲ್ಲಿ ಮರದ ರಬ್ಬರಿನ ಪಾಲು ಹೆಚ್ಚು. ಜೊತೆಗೆ ಇನ್ನೂ ಕೆಳಗಿನ ಉಷ್ಣತೆ ತಾಳುವ ಬ್ಯುಟಡೈನ್ ರಬ್ಬರು, ಒದ್ದೆ ನೆಲದಲ್ಲಿ ಹಿಡಿತ ಕೊಡುವ ಸಿಲಿಕಾ ಪುಡಿ. ಉಷ್ಣತೆ ಸುಮಾರು 7 ಡಿಗ್ರಿಗಿಂತ ಕೆಳಗಿಳಿಯಿತೆಂದರೆ ಟೈರು ಬದಲಿಸುವ ಕಾಲ ಬಂತೆಂದು ಅಲ್ಲಿನವರ ಲೆಕ್ಕ. ಹಿಮ ಬಿದ್ದಿರಲಿ, ಬಿಡಲಿ.

ಈ ಮೆದುತನಕ್ಕೆ ಬೆಲೆಯೂ ಉಂಟು. ಇದೇ ಟೈರನ್ನು ಜುಲೈ ಬಿಸಿಲಿನಲ್ಲಿ ಓಡಿಸಿದರೆ ಪೆನ್ಸಿಲ್ ಅಳಿಸುವ ರಬ್ಬರಿನ ಹಾಗೆ ಸವೆದು ಹೋಗುತ್ತದೆ.

ರಬ್ಬರಿನ ಗುಣ ಅರ್ಧ, ಮೇಲಿನ ಕೆತ್ತನೆ ಇನ್ನರ್ಧ. ನಮ್ಮ ಪಂಕ್ಚರ್ ಅಂಗಡಿಗಳಲ್ಲಿ ‘ಬಟನ್’ ಅನ್ನುತ್ತಾರಲ್ಲ, ಆ ಗಟ್ಟಿಗಳ ನಡುವೆ ಆಳವಾದ ಕಾಲುವೆಗಳು. ಕಾಲುವೆಯಲ್ಲಿ ಹಿಮ ತುಂಬಿಕೊಂಡರೆ ಹಿಡಿತ ಹೋಗುತ್ತದೆ ಎಂದು ನಾನು ಭಾವಿಸಿದ್ದೆ. ಆಗುವುದು ಅದಕ್ಕೆ ಉಲ್ಟಾ. ಅಂಗೈಯಲ್ಲಿ ಒತ್ತಿದರೆ ಹಿಮ ಹಿಮಕ್ಕೆ ಅಂಟಿ ಉಂಡೆ ಕಟ್ಟುತ್ತದೆ. ಕಾಲುವೆಯಲ್ಲಿ ಕೂತ ಹಿಮವೂ ನೆಲದ ಹಿಮವನ್ನು ಹಾಗೇ ಕಚ್ಚಿ ಹಿಡಿಯುತ್ತದೆ. ಇನ್ನು ಪ್ರತಿ ಗಟ್ಟಿಯ ಮೈಮೇಲೂ ಬ್ಲೇಡಿನಿಂದ ಗೀರಿದಂಥ ಸಪೂರ ಸೀಳುಗಳು, ಅಂಕುಡೊಂಕಾಗಿ, ಒಂದು ಟೈರಿನಲ್ಲಿ ಸಾವಿರಗಟ್ಟಲೆ. ಇವಕ್ಕೆ ‘ಸೈಪ್’ ಎಂದು ಹೆಸರು. 1923ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಜಾನ್ ಸೈಪ್ ಎಂಬಾತನಿಂದ ಬಂದದ್ದು. ಕಸಾಯಿಖಾನೆಯ ಜಾರುನೆಲದಲ್ಲಿ ಕಾಲೂರಲು ಆತ ತನ್ನ ಬೂಟಿನ ಅಡಿಗೆ ಚಾಕುವಿನಿಂದ ಗೀರುಗಳನ್ನು ಕೊಯ್ದುಕೊಂಡನೆಂದು ಕಥೆ. ಟೈರು ಉರುಳುವಾಗ ಸೀಳುಗಳು ಬಾಯಿ ಬಿಟ್ಟು ಒಂದೊಂದೂ ಚೂಪಾದ ಅಂಚನ್ನು ನೆಲಕ್ಕೆ ಊರುತ್ತವೆ. ಮಂಜುಗಡ್ಡೆಯ ಮೇಲಿನ ನೀರಿನ ಪೊರೆಯನ್ನು ಒರೆಸುತ್ತವೆ.

ಆ ಪೊರೆಯೇ ದೊಡ್ಡ ಶತ್ರು. ಮೈನಸ್ 20ರ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ ಮಂಜುಗಡ್ಡೆ ಹೆಚ್ಚು ಜಾರುತ್ತದೆ. ಕ್ಯಾಲ್ಗರಿಯಲ್ಲಿ ಇದು ದಿನನಿತ್ಯದ ಮಾತು. ರಾಕಿ ಪರ್ವತ ದಾಟಿ ಬರುವ ‘ಚಿನೂಕ್’ ಎಂಬ ಬೆಚ್ಚನೆಯ ಒಣಗಾಳಿ ಕೆಲವೇ ಗಂಟೆಗಳಲ್ಲಿ ಉಷ್ಣತೆಯನ್ನು 20 ಡಿಗ್ರಿ ಏರಿಸಿಬಿಡಬಲ್ಲದು. ಮಧ್ಯಾಹ್ನ ಹಿಮ ಕರಗಿ ರಸ್ತೆಯೆಲ್ಲ ನೀರು. ರಾತ್ರಿ ಅದೇ ನೀರು ಕನ್ನಡಿಯಂತೆ ಹೆಪ್ಪುಗಟ್ಟಿ ಡಾಂಬರಿನ ಬಣ್ಣದಲ್ಲೇ ಅಡಗಿ ಕೂತಿರುತ್ತದೆ.

ಎರಡೂವರೆ ಅಂಗುಲದ ಗಟ್ಟಿಗಳಿದ್ದ ಒಂದು ದೈತ್ಯ ಟೈರನ್ನು ತೋರಿಸಿ, ‘ಇದು ಚೆನ್ನಾಗಿ ಹಿಡಿಯಬಹುದಲ್ಲ’ ಎಂದೆ. ಹಿರಿಯರು ನಕ್ಕರು. ಅದು ಕೆಸರಿಗೆಂದು ಮಾಡಿದ್ದು. ಗಟ್ಟಿ ದೊಡ್ಡದು, ಸೀಳು ಕಡಿಮೆ, ರಬ್ಬರು ಕಲ್ಲು ತಾಳುವಷ್ಟು ಬಿರುಸು. ನೋಟಕ್ಕೆ ಪೈಲ್ವಾನ, ಮಂಜುಗಡ್ಡೆಯ ಮೇಲೆ ಕೂಸು. ಪಿಕಪ್ ಇಟ್ಟವರಲ್ಲಿ ಅನೇಕರು ಎಡವುವುದು ಇಲ್ಲೇ ಅಂತೆ.

ನೋಟವನ್ನು ಬಿಟ್ಟು ಏನನ್ನು ನಂಬಬೇಕು? ಟೈರಿನ ಪಕ್ಕೆಯನ್ನು ಓದಬೇಕು. ‘ಎಂ+ಎಸ್’, ಅಂದರೆ ಕೆಸರು ಮತ್ತು ಹಿಮ ಎಂಬ ಗುರುತು ಹೇಳುವುದು ಕಾಲುವೆಗಳ ವಿನ್ಯಾಸವನ್ನಷ್ಟೇ. ಆ ಗುರುತಿಗೆ ಹಿಮದ ಮೇಲೆ ಪರೀಕ್ಷೆ ಆಗಿರಬೇಕೆಂದಿಲ್ಲ. ನೋಡಬೇಕಾದ್ದು ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳು ಬರೆದ ಚಿತ್ರ. 1999ರಲ್ಲಿ ಬಂದ ಈ ಗುರುತು ಸಿಗಬೇಕಾದರೆ ಒತ್ತಿದ ಹಿಮದ ಮೇಲೆ ಟೈರಿನ ಎಳೆತ, ಹೋಲಿಕೆಗೆ ಇಟ್ಟ ಮಾದರಿ ಟೈರಿಗಿಂತ ಕನಿಷ್ಠ 10 ಪ್ರತಿಶತ ಹೆಚ್ಚಿರಬೇಕು. ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಇಂಥ ಟೈರು ಕಡ್ಡಾಯ. ಕ್ಯಾಲ್ಗರಿ ಇರುವ ಅಲ್ಬರ್ಟಾದಲ್ಲಿ ಕಾನೂನಿನ ಒತ್ತಾಯ ಇಲ್ಲ. ಅಂಗಡಿಯ ಮುಂದಿನ ಸಾಲು ಅನುಭವ ಕಲಿಸಿದ್ದು. ಆದರೆ ಬೆಟ್ಟದ ಗುರುತೂ ಹೇಳುವುದು ಹಿಮದ ಮಾತನ್ನು, ಮಂಜುಗಡ್ಡೆಯದನ್ನಲ್ಲ. ವರ್ಷವಿಡೀ ಓಡಿಸಬಹುದಾದ ‘ಆಲ್ ವೆದರ್’ ಟೈರಿಗೂ ಆ ಗುರುತು ಇರುತ್ತದೆ. ಚಳಿ ಸೌಮ್ಯವಾಗಿರುವ ಊರಿಗೆ ಅದು ಸಾಕು. ನಸುಕಿಗೆ ಹೊರಡುವ ಕ್ಯಾಲ್ಗರಿಯವನಿಗೆ ಸಾಲದು.

ಚಳಿಗಾಲದ ಟೈರು ಹುಟ್ಟಿದ್ದೇ ಸರಕು ಗಾಡಿಗಾಗಿ. 1934ರಲ್ಲಿ ಫಿನ್ಲೆಂಡಿನ ನೋಕಿಯಾ ಪಟ್ಟಣದ ಕಂಪನಿಯೊಂದು ಹಿಮದ ರಸ್ತೆಯ ಲಾರಿಗಳಿಗೆಂದು ಮೊದಲ ಟೈರು ತಂದಿತು. ಎರಡು ವರ್ಷದ ಮೇಲೆ ಕಾರುಗಳಿಗೆ ‘ಹಕ್ಕಪೆಲಿಟ್ಟ’ ಬಂತು. ಆಮೇಲೆ ಲೋಹದ ಮೊಳೆ ಹೊಡೆದ ಟೈರುಗಳ ಕಾಲ. ನಯವಾದ ಒದ್ದೆ ಮಂಜುಗಡ್ಡೆಯ ಮೇಲೆ ಇಂದಿಗೂ ಮೊಳೆಗೆ ಸಾಟಿಯಿಲ್ಲ. ಆದರೆ ಬರಿಯ ಡಾಂಬರಿನ ಮೇಲೆ ಅದು ಗರಗರ ಸದ್ದು ಮಾಡುತ್ತ ರಸ್ತೆಯನ್ನೇ ತುರಿಯುತ್ತದೆ. ಜಪಾನಿನ ಹಿಮದ ಊರುಗಳಲ್ಲಿ ಹೀಗೆ ತುರಿದ ದೂಳು ಉಸಿರುಗಟ್ಟಿಸಿ, 1990ರಲ್ಲಿ ಮೊಳೆ ಟೈರುಗಳ ವಿರುದ್ಧ ಕಾನೂನೇ ಬಂತು. ಅದಕ್ಕೆ ಎರಡು ವರ್ಷ ಮೊದಲೇ ಅಲ್ಲಿನ ಬ್ರಿಜ್‌ಸ್ಟೋನ್, ಮೊಳೆಯಿಲ್ಲದ ‘ಬ್ಲಿಜಾಕ್’ ಟೈರನ್ನು ಹೊರತಂದಿತ್ತು. ಅದರ ರಬ್ಬರಿನ ತುಂಬ ಕಣ್ಣಿಗೆ ಕಾಣದ ರಂಧ್ರಗಳು; ನೀರಿನ ಪೊರೆಯನ್ನು ಅವು ಹೀರಿಕೊಳ್ಳುತ್ತವೆ. ನೀರುದೋಸೆಯ ಕಣ್ಣುಗಳ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ.

ಮುಂದಿನದು ಪಿಕಪ್ಪಿನದೇ ಲೆಕ್ಕ. ಖಾಲಿ ಪಿಕಪ್ಪಿನ ತೂಕದ ದೊಡ್ಡ ಪಾಲು ಮುಂದಿರುತ್ತದೆ; ಹಿಂದಿನ ಗಾಲಿಗಳ ಮೇಲೆ ಭಾರ ಕಡಿಮೆ. ತಿರುವಿನಲ್ಲಿ ಹಿಂಭಾಗ ಬಾಲದ ಹಾಗೆ ಬೀಸುವುದು ಅದಕ್ಕೇ. ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಡುವ ಫೋರ್ ವೀಲ್ ಡ್ರೈವ್ ಇದ್ದರೆ ಭಯವಿಲ್ಲ ಎನ್ನುವವರುಂಟು. ‘ಅದು ಹೊರಡಲಿಕ್ಕೆ ಸಹಾಯ, ನಿಲ್ಲಲಿಕ್ಕಲ್ಲ’ ಎಂದರು ಹಿರಿಯರು. ಬ್ರೇಕು ಯಾವ ಗಾಡಿಯಲ್ಲೂ ನಾಲ್ಕು ಗಾಲಿಗೇ, ನಿಲ್ಲಿಸುವುದು ಟೈರು. ಎರಡೇ ಟೈರು ಬದಲಿಸಿ ದುಡ್ಡು ಉಳಿಸುತ್ತೇನೆ ಎಂದವರಿಗೆ ಅವರು ಮಾರುವುದಿಲ್ಲವಂತೆ. ಮುಂದೆ ಹಿಡಿದು ಹಿಂದೆ ಹಿಡಿಯದಿದ್ದರೆ ಗಾಡಿ ಗಿರಕಿ ಹೊಡೆಯುತ್ತದೆ.

ಹೊರೆಗೆ ತಕ್ಕ ಗಟ್ಟಿತನವೂ ಬೇಕು. ಅಣ್ಣನ ಮಗನ ಗಾಡಿಯ ಟೈರಿನ ಅಳತೆ 275/65ಆರ್18. ಅಂದರೆ ಅಗಲ 275 ಮಿಲಿಮೀಟರ್, ಪಕ್ಕೆಯ ಎತ್ತರ ಅದರ 65 ಪ್ರತಿಶತ, ಒಳಗಿನ ರಿಮ್ಮು 18 ಅಂಗುಲ. ಇದೇ ಅಳತೆಯಲ್ಲಿ 116 ಎಂದು ಬರೆದ ಟೈರು 1250 ಕೆಜಿ ಹೊರುತ್ತದೆ. ಲಘು ಟ್ರಕ್ಕಿನ ‘ಎಲ್‌ಟಿ’ ಜಾತಿಯ 123 ಎಂದಿದ್ದರೆ 1550 ಕೆಜಿ. ಎರಡನೆಯದೇ ಮೇಲಲ್ಲವೇ? ಅಲ್ಲ. ಭಾರವಾದ ಟ್ರೈಲರ್ ಎಳೆಯುವವನಿಗೆ ಅದು ಸರಿ. ಆದರೆ ಎಲ್‌ಟಿಯ ಪಕ್ಕೆ ಬಿಗಿ, ಗಾಳಿಯ ಒತ್ತಡವೂ ಹೆಚ್ಚು ಬೇಡುತ್ತದೆ; ಬರಿ ವೈರಿನ ಸುರುಳಿ ಒಯ್ಯುವವನ ಬೆನ್ನಿಗೆ ಅದು ಕುಲುಕಾಟ ಮಾತ್ರ. ಡ್ರೈವರ್ ಬಾಗಿಲ ಕಂಬದ ಮೇಲೆ ಅಂಟಿಸಿದ ಚೀಟಿ ಏನು ಹೇಳುತ್ತದೋ ಅದಕ್ಕಿಂತ ಕಡಿಮೆ ಹೊರುವ ಟೈರು ಹಾಕದಿದ್ದರೆ ಸಾಕು.

ಅಗಲದಲ್ಲೂ ಒಂದು ಜಾಣತನ. ಹಿಮವನ್ನು ಸೀಳಿ ನೆಲ ಮುಟ್ಟಲು ಸಪೂರ ಟೈರೇ ಮೇಲು. ಹಿರಿಯರು ಕಾಗದದ ಮೇಲೆ ಗುಣಿಸಿ ತೋರಿಸಿದರು: ಈಗಿನ ಟೈರಿನ ಒಟ್ಟು ವ್ಯಾಸ 815 ಮಿಲಿಮೀಟರ್, 17 ಅಂಗುಲದ ರಿಮ್ಮಿಗೆ 255/75 ಹಾಕಿದರೂ ಅಷ್ಟೇ, ಅರ್ಧ ಮಿಲಿಮೀಟರಿನ ವ್ಯತ್ಯಾಸವೂ ಇಲ್ಲ. ಸ್ಪೀಡೋಮೀಟರ್ ಸುಳ್ಳು ಹೇಳುವುದಿಲ್ಲ, ಟೈರು ಎರಡು ಸೆಂಟಿಮೀಟರ್ ಸಪೂರವಾಯಿತು, ಅಗ್ಗವೂ ಆಯಿತು. ಚಿಕ್ಕ ರಿಮ್ಮು ಬ್ರೇಕಿಗೆ ತಾಗುವುದಿಲ್ಲವೆಂದು ಮೊದಲು ನೋಡಿಕೊಳ್ಳಬೇಕು, ಅಷ್ಟೇ. ಕೊನೆಗೆ ಪಕ್ಕೆಯ ನಾಲ್ಕು ಅಂಕಿ ಓದಿ ತಯಾರಾದ ವಾರ, ವರ್ಷ ನೋಡಿದರು. ಗೋದಾಮಿನಲ್ಲಿ ಹಳೆಯದಾದ ರಬ್ಬರಿನ ಮೆದುತನವೂ ಹೋಗಿರುತ್ತದೆ.

ಟೈರು ಹಾಕಿದಲ್ಲಿಗೆ ಕೆಲಸ ಮುಗಿಯಲಿಲ್ಲ. ನೂರು ಕಿಲೋಮೀಟರ್ ಓಡಿಸಿ ಬಂದು ನಟ್ಟುಗಳನ್ನು ಮತ್ತೆ ಬಿಗಿಸಿಕೊಳ್ಳಬೇಕು. ಉಷ್ಣತೆ ಐದಾರು ಡಿಗ್ರಿ ಇಳಿದಾಗಲೆಲ್ಲ ಗಾಳಿ ಸುಮಾರು 1 ಪಿಎಸ್‌ಐ ಕುಗ್ಗುತ್ತದೆ. ಬೆಚ್ಚನೆಯ ಗ್ಯಾರೇಜಿನಲ್ಲಿ ತುಂಬಿಸಿದ್ದು ಹೊರಗಿನ ಮೈನಸ್ 20ಕ್ಕೆ ಸಾಲದು. ಕಾನೂನಿಗೆ 1.6 ಮಿಲಿಮೀಟರ್ ಬಟನ್ ಸಾಕಾದರೂ ಹಿಮಕ್ಕೆ 4 ಆದರೂ ಬೇಕು. ಹಿಂದಿನ ಆಕ್ಸಲ್ಲಿನ ನೇರಕ್ಕೆ ನಾಲ್ಕು ಮರಳಿನ ಚೀಲ ಕಟ್ಟಿದರೆ ಬಾಲ ಬೀಸುವುದು ಕಡಿಮೆ. ಎಲ್ಲಾದರೂ ಹೂತರೆ ಅದೇ ಮರಳನ್ನು ಗಾಲಿಯಡಿಗೆ ಸುರಿಯಬಹುದು. ಬಿಚ್ಚಿದ ಬೇಸಿಗೆ ಟೈರುಗಳ ಮೇಲೆ ಅಣ್ಣನ ಮಗ ಸೀಮೆಸುಣ್ಣದಲ್ಲಿ ‘ಮುಂ.ಎ.’, ‘ಹಿಂ.ಬ.’ ಎಂದು ಕನ್ನಡದಲ್ಲೇ ಬರೆದ. ವಸಂತದಲ್ಲಿ ಮುಂದಿನವು ಹಿಂದಕ್ಕೆ, ಹಿಂದಿನವು ಮುಂದಕ್ಕೆ ಹೋದರೆ ನಾಲ್ಕೂ ಸಮನಾಗಿ ಸವೆಯುತ್ತವೆ.

ನವೆಂಬರಿನ ಮೊದಲ ಹಿಮದ ಬೆಳಿಗ್ಗೆ, ಅಂಗಡಿಗಳು ತೆರೆಯುವ ಮೊದಲು, ಅವನು ನನ್ನನ್ನು ಖಾಲಿ ಪಾರ್ಕಿಂಗ್ ಜಾಗಕ್ಕೆ ಕರೆದೊಯ್ದ. ಮೂವತ್ತರ ವೇಗದಲ್ಲಿ ಬ್ರೇಕ್ ಒತ್ತಿದ. ಗಾಡಿ ಗೊರಗುಟ್ಟಿ, ನೇರವಾಗಿ ನಿಂತಿತು. ಇಳಿದು ಹಿಂದಕ್ಕೆ ನಡೆದು ಚಕ್ರದ ಜಾಡು ನೋಡಿದೆ. ಪಕ್ಕದಲ್ಲಿ ಬೇರೆ ಯಾರದೋ ಗಾಡಿ ಬಂದು ನಿಂತ ಗುರುತಿತ್ತು. ಅದರ ಕೊನೆಯ ಹಲವು ಅಡಿ ಸ್ಲೇಟು ಒರೆಸಿದಂತೆ ನುಣುಪಾಗಿತ್ತು. ನಮ್ಮದರಲ್ಲಿ ನಿಂತ ಜಾಗದವರೆಗೂ ಅಚ್ಚು ಮೂಡಿತ್ತು: ಗಟ್ಟಿ, ಕಾಲುವೆ, ಅಂಕುಡೊಂಕು ಸೀಳು, ಒಂದೊಂದೂ ಎಣಿಸುವಷ್ಟು ಸ್ಪಷ್ಟ.